ಎರೆ ನೆಲದವರನ್ನು ಹಡಗು ಹತ್ತಿಸಿದ್ದು

ಪ್ರವಾಸಕ್ಕೆ ಕರೆದುಕೊಂಡು ಹೋಗುವುದೆಂದರೆ ಊರು ತೋರಿಸುವ ಕೆಲಸ ಎಂದು ತಿಳಿದು ಈ ದಂಧೆಗೆ ಇಳಿದಿದ್ದರೆ ಇವತ್ತೇ ಅಂಗಡಿಯ ಬಾಗಿಲು ಹಾಕಿಬಿಡಿರಿ. ಊರನ್ನು ಯಾರು ಬೇಕಾದರೂ ತೋರಿಸುತ್ತಾರೆ. ಗುಡಿ, ಕಾರಂಜಿ, ಅರಮನೆ ಇವು ಎಲ್ಲಿಗೂ ಓಡಿಹೋಗುವುದಿಲ್ಲ. ಓಡಿಹೋಗುವವರು ನಮ್ಮ ಜನ. ಹೊರಟವರೆಲ್ಲರನ್ನೂ ಜೀವಸಹಿತ ಅವರವರ ಮನೆಯ ಕಟ್ಟೆಗೆ ಮುಟ್ಟಿಸುವುದೇ ಕೆಲಸ, ಉಳಿದದ್ದೆಲ್ಲ ಬಾಯಿ ಬಡಿವಾರ.

ಮುಂಡರಗಿಯಲ್ಲಿ ಟ್ರಾವೆಲ್ಸ್ ತೆರೆದಿರುವ ನನ್ನ ಅಕ್ಕನ ಮಕ್ಕಳು, ನಿಮ್ಮ ಕಾಲದಲ್ಲಿ ಹೇಗಿತ್ತು ಬರೆದುಕೊಡಿ ಮಾಮೂ ಎಂದು ಬೆನ್ನು ಬಿದ್ದಿದ್ದಾರೆ. ಅವರ ಕೈಯಲ್ಲಿ ಫೋನಿದೆ, ಫೋನಿನಲ್ಲಿ ನಕ್ಷೆ ಇದೆ. ನನ್ನ ಕೈಯಲ್ಲಿ ಒಂದು ಸೀಟಿ ಇತ್ತು. ಅದನ್ನು ಊದಿದರೆ ನಮ್ಮವರನ್ನು ಬಿಟ್ಟು ಉಳಿದವರೆಲ್ಲ ಓಡಿಬರುತ್ತಿದ್ದರು. ನಾನು ಲಕ್ಷ್ಮೇಶ್ವರದ ದರ್ಜಿಯ ಮಗ, ಹೆಸರು ಮೌಲಾಸಾಬ. ಎಪ್ಪತ್ತರ ದಶಕದಲ್ಲಿ ಗದಗಿನ ಸಾಹುಕಾರರೊಬ್ಬರು ಪ್ರವಾಸದ ಕಂಪನಿ ಕಟ್ಟಿದಾಗ ಮ್ಯಾನೇಜರ್ ಎಂದು ಸೇರಿಕೊಂಡೆ. ಹಿಂದಿ, ಮರಾಠಿ ಬರುತ್ತವೆ ಎಂಬುದೊಂದೇ ನನ್ನ ಯೋಗ್ಯತೆ. ಮ್ಯಾನೇಜರ್ ಎಂದರೆ ಹಾಸಿಗೆ ಸುರುಳಿ ಹೊರುವವನು, ಜಗಳ ಬಿಡಿಸುವವನು, ವಾಂತಿ ಒರೆಸುವವನು. ಕೊನೆಯ ದಿನದವರೆಗೂ ನನ್ನದು ಅದೇ ಹುದ್ದೆ.

ನಮ್ಮ ಗಿರಾಕಿಗಳು ತಿರುಗಾಟದ ಹುಚ್ಚು ಹಿಡಿದವರು. ಬೆಟಗೇರಿಯ ನೇಕಾರರು, ಗದಗಿನ ಹತ್ತಿ ಅಂಗಡಿಗಳ ಗುಮಾಸ್ತರು, ಶಿರಹಟ್ಟಿ ಕಡೆಯ ಶಾಲೆಯ ಮಾಸ್ತರುಗಳು. ಅವರಿಗೆ ಹೋಗಿಬರುವುದು ಅರ್ಧ ಪ್ರವಾಸ, ಬಂದು ಹೇಳುವುದು ಇನ್ನರ್ಧ. ವೃಂದಾವನದ ಬಣ್ಣದ ಕಾರಂಜಿ ನೋಡಿ ಬಂದವರ ಮನೆಯ ಪಡಸಾಲೆಯಲ್ಲಿ ವಾರಗಟ್ಟಲೆ ಜನ ಸೇರುತ್ತಿತ್ತು. ಹೇಳುವವರಿಗೆ ಗಂಟಲು ನೋಯಬೇಕು, ಕೇಳುವವರಿಗೆ ಹೊಟ್ಟೆ ಉರಿಯಬೇಕು. ಹಾಗೆ ಹೊಟ್ಟೆ ಉರಿದವರೇ ಮುಂದಿನ ವರ್ಷ ನಮ್ಮ ಗಿರಾಕಿಗಳು. ಈ ಹುಚ್ಚರ ಮುಖಂಡ ಬೆಟಗೇರಿಯ ನೇಕಾರ ತುಕಾರಾಮಸಾ. ಅವನು ಒಮ್ಮೆ ನೆಂಟರ ಮದುವೆಗೆಂದು ಹೋದವನು ಪಣಜಿಯಿಂದ ಮುಂಬಯಿಗೆ ಹಡಗಿನಲ್ಲಿ ಹೋಗಿದ್ದ. ಬಂದ ಮೇಲೆ ಅವನ ಬಾಯಲ್ಲಿ ಆ ಹಡಗು ದಿನಕ್ಕಿಷ್ಟು ದೊಡ್ಡದಾಗುತ್ತ ಹೋಗಿ, ಕೊನೆಗೆ ಬೆಟಗೇರಿಯೇ ಅದರಲ್ಲಿ ಹಿಡಿಸುವಷ್ಟಾಯಿತು. ಹಡಗಿಗೆ ಕರೆದುಕೊಂಡು ಹೋಗದಿದ್ದರೆ ನಿಮ್ಮ ಕಂಪನಿಯೇ ಬೇಡ ಎಂದು ಜನ ಸಾಹುಕಾರರ ಮುಂದೆ ಕುಳಿತುಬಿಟ್ಟರು.

ಹಡಗಿನ ಮಾತಿಗೆ ಮೊದಲು ಬಸ್ಸಿನದೊಂದು ಹೇಳಬೇಕು, ಇಲ್ಲವಾದರೆ ನಮ್ಮವರು ಹಡಗಿನಲ್ಲಿ ಮಾಡಿದ್ದು ನಿಮಗೆ ತಿಳಿಯುವುದಿಲ್ಲ. ಗಾಡಿ ನಿಂತಲ್ಲಿ ಇಳಿಯುವುದು ನಮ್ಮ ಭಾಗದ ಗಂಡಸರ ಹುಟ್ಟುಗುಣ. ಯಾಕೆ ಇಳಿದಿರಿ ಎಂದರೆ ಕಾಲು ಹಗುರ ಮಾಡಲಿಕ್ಕೆ ಎನ್ನುತ್ತಾರೆ. ಇಳಿಯುವಾಗ ಪಕ್ಕದವರಿಗೆ "ಗಾಡಿ ನಿಂದ್ರಸ್ರಿ" ಎಂದು ಹೇಳಿಹೋದರೆ ಮುಗಿಯಿತು, ಗಾಡಿ ನಿಲ್ಲಲೇಬೇಕು. ಗದಗಿನಿಂದ ಮುಂಡರಗಿಗೆ ಹೋಗುವ ಬಸ್ಸು ಡೋಣಿಯಲ್ಲಿ ಯಾರೋ ಒಬ್ಬಳು ಮರೆತು ಬಂದ ಗಂಟು ತರುವವರೆಗೆ ನಿಂತದ್ದನ್ನು ನಾನೇ ನೋಡಿದ್ದೇನೆ. ಡ್ರೈವರ್ ಬೀಡಿ ಹಚ್ಚಿಕೊಂಡು ಕುಳಿತ, ಯಾರೂ ತಕರಾರು ಮಾಡಲಿಲ್ಲ.

ವೃಂದಾವನದ ದಾರಿಯಲ್ಲಿ ಶಿರಹಟ್ಟಿಯ ಗುಮಾಸ್ತನೊಬ್ಬ ಹೀಗೇ ಇಳಿದು ಹೊಲದೊಳಗೆ ಹೋಗಿದ್ದ. ಅವನು ಹೇಳಿಹೋಗಿದ್ದ ಪಕ್ಕದವನು ನಿದ್ದೆ ಹೋಗಿದ್ದರಿಂದ ಬಸ್ಸು ಹೊರಟುಬಿಟ್ಟಿತು. ಎರಡು ಊರು ದಾಟಿದ ಮೇಲೆ ಗೊತ್ತಾಗಿ ನಾನು ಎದೆ ಬಡಿದುಕೊಂಡು ಇಳಿದೆ, ಎದುರಿಗೆ ಬಂದ ಲಾರಿ ಹತ್ತಿ ಹಿಂದಕ್ಕೆ ಹೋದೆ. ಅಷ್ಟರಲ್ಲಿ ಗುಮಾಸ್ತ ಇನ್ನೊಂದು ಲಾರಿ ಹಿಡಿದು ನಮ್ಮ ಬಸ್ಸನ್ನೇ ಮುಟ್ಟಿದ್ದ. ಈಗ ಕಳೆದುಹೋದವನು ನಾನು. ಜನರೆಲ್ಲ ಊಟವಿಲ್ಲದೆ, ಲಾಡ್ಜಿಲ್ಲದೆ, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ರಸ್ತೆಯ ಬದಿ ಕುಳಿತಿದ್ದರು. ಊರಿಗೆ ಬಂದ ಮೇಲೆ ಇದನ್ನು ಕೇಳಿ ಗದಗೆಲ್ಲ ನಕ್ಕಿತು, ಸಾಹುಕಾರರು ಮಾತ್ರ ನಗಲಿಲ್ಲ. ನನ್ನನ್ನು ಒಳಗೆ ಕರೆದು, "ಒಬ್ಬ ಇಳದಾಂತ ನೀ ಇಳೀಬ್ಯಾಡೋ ಮೌಲಾ. ನೀ ಇಳದ್ರ ಉಳಿದವರು ಯಾರ ಕೈಯಾಗ?" ಎಂದರು. ಆ ಮಾತು ನನ್ನ ತಲೆಯಲ್ಲಿ ಮೊಳೆ ಹೊಡೆದಂತೆ ಕುಳಿತಿತು.

ಹಡಗಿನ ಪ್ರವಾಸ ಮಳೆಗಾಲ ಮುಗಿದ ಮೇಲೆ ಹೊರಟಿತು. ಸೊರಟೂರ ಮಾಸ್ತರರು ತಮ್ಮ ಮನೆಯವರೊಂದಿಗೆ ಬಂದಿದ್ದರು. ಮಾಸ್ತರಕಿಯಿಂದ ನಿವೃತ್ತರಾಗಿ ಬಹಳ ವರ್ಷವಾಗಿತ್ತು. ಗುಂಪಿನಲ್ಲಿ ಅರ್ಧ ಮಂದಿ ಅವರ ಕೈಯಲ್ಲಿ ಛಡಿ ಏಟು ತಿಂದವರೇ, ತುಕಾರಾಮಸಾ ಕೂಡ. ಮಾಸ್ತರರ ಕಿವಿ ಸ್ವಲ್ಪ ಮಂದವಾಗಿತ್ತು, ಸಿಟ್ಟು ಮಂದವಾಗಿರಲಿಲ್ಲ. ಕನ್ನಡ ಬಿಟ್ಟರೆ ಇನ್ನೊಂದು ಮಾತು ಬರುತ್ತಿರಲಿಲ್ಲ. ಅವರ ಹೆಂಡತಿಯನ್ನು ನಾವೆಲ್ಲ ಅವ್ವಾರ ಎನ್ನುತ್ತಿದ್ದೆವು. ಅವರದು ಮಾತು ಕಡಿಮೆ, ಕೈ ದೊಡ್ಡದು. ಗುಂಪಿಗೆಲ್ಲ ಸಾಲುವಷ್ಟು ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದರು.

ಮಾಸ್ತರರು ಲಿಂಗಪೂಜೆ ಆಗದೆ ಬಾಯಿಗೆ ಹನಿ ನೀರೂ ಹಾಕುವವರಲ್ಲ. ಪೂಜೆಗೆ ನೆಲದ ನೀರೇ ಆಗಬೇಕು, ಬಾವಿಯದೋ ಕೆರೆಯದೋ. ಇದು ನನಗೆ ಗೊತ್ತಿತ್ತು, ಆದರೆ ಗೊತ್ತಿರುವುದು ಬೇರೆ, ಅದರ ತೂಕ ತಿಳಿಯುವುದು ಬೇರೆ. ಪಣಜಿಯಲ್ಲಿ ಹಡಗು ಹತ್ತುವ ದಿನ ಡೆಕ್ಕಿನ ಮೇಲೆ ಜಾಗ ಹಿಡಿಯಲಿಕ್ಕೆ ಕತ್ತಲಿರುವಾಗಲೇ ಸಾಲಿನಲ್ಲಿ ನಿಲ್ಲಬೇಕಾಯಿತು. ಪೂಜೆಗೆ ಹೊತ್ತು ಸಿಗಲಿಲ್ಲ. ಹಡಗಿನಲ್ಲೇ ಮಾಡಿಕೊಂಡರಾಯಿತು ಎಂದು ಅವರೇ ಹೇಳಿ, ಧರ್ಮಶಾಲೆಯ ಬಾವಿಯಿಂದ ಹಿತ್ತಾಳೆಯ ತಂಬಿಗೆಗೆ ನೀರು ಸೇದಿಕೊಂಡು ಅದರ ಬಾಯಿಗೆ ಬಟ್ಟೆ ಕಟ್ಟಿಕೊಂಡರು. ಮುಂದಿನ ವರ್ಷಗಳಲ್ಲಿ ನಾನು ಹೊರಡುವ ಮೊದಲು ಎಲ್ಲರನ್ನೂ ಕೂರಿಸಿ, ನೀವು ಏನು ತಿನ್ನುತ್ತೀರಿ ಎಂದು ಕೇಳುವುದನ್ನು ಬಿಟ್ಟೆ. ಏನು ಆಗದೆ ತಿನ್ನುವುದಿಲ್ಲ ಎಂದು ಕೇಳತೊಡಗಿದೆ. ನೀವೂ ಹಾಗೇ ಕೇಳಿರಿ.

ಹಡಗು ನದಿಯ ಬಾಯಿ ದಾಟುವವರೆಗೆ ಎಲ್ಲರೂ ರಾಜರು. ಜಮಖಾನೆ ಹಾಸಿ, ಕಾಲು ಚಾಚಿ, ತುಕಾರಾಮಸಾ ಅದು ನೋಡ್ರಿ ಇದು ನೋಡ್ರಿ ಎಂದು ಬೆರಳು ತೋರಿಸುತ್ತ ಓಡಾಡಿದ. ಕಣ್ಣಿಗೆ ಕಾಣುವಷ್ಟು ದೂರ ಎರೆ ಹೊಲ ನೋಡಿ ಬೆಳೆದವರು ನಾವು, ಅಷ್ಟೇ ದೂರ ನೀರು ಕಂಡಾಗ ಕುರ್ತಕೋಟಿಯ ಒಬ್ಬ ಮುದುಕ ಇದಕ್ಕೆ ಬದು ಎಲ್ಲಿ ಹಾಕ್ಯಾರ ಎಂದು ಕೇಳಿದ. ನಗು ಮುಗಿಯುವ ಮೊದಲೇ ದೊಡ್ಡ ಅಲೆ ಶುರುವಾಯಿತು. ಹಡಗು ಹೊರಳಿತು, ಅದರೊಂದಿಗೆ ಎಲ್ಲರ ಹೊಟ್ಟೆಯೂ ಹೊರಳಿತು. ಮಾಸ್ತರರು ಪೂಜೆಗೆಂದು ವಿಭೂತಿ ಹಚ್ಚಿಕೊಂಡು, ತಂಬಿಗೆಯ ಬಟ್ಟೆ ಬಿಚ್ಚಿ ಕೆಳಗಿಟ್ಟಿದ್ದಷ್ಟೇ, ಅದು ಉರುಳಿ ಡೆಕ್ಕಿನ ಹಲಗೆಯ ಮೇಲೆಲ್ಲ ನೀರು ಹರಿದುಹೋಯಿತು.

ನಾನು ಓಡಿಹೋಗಿ ಹಡಗಿನ ನಲ್ಲಿಯಿಂದ ತಂದುಕೊಟ್ಟೆ. ಕಬ್ಬಿಣದ ಟಾಕಿಯಲ್ಲಿ ನಿಂತ ನೀರು ಬೇಡ ಎಂದರು. ತುಕಾರಾಮಸಾ, ಸಮುದ್ರದ ನೀರಾದರೂ ನೆಲದ ಮ್ಯಾಲಿಂದ ಅಲ್ಲೇನ್ರಿ ಎಂದು ವಾದಕ್ಕೆ ನಿಂತು ಬೈಸಿಕೊಂಡ. ಬಿಸಿಲು ಏರಿತು. ಹಿಂದಿನ ರಾತ್ರಿಯ ಊಟವೆಲ್ಲ ವಾಂತಿಯಾಗಿತ್ತು, ಮೇಲೆ ಹನಿ ನೀರಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಾಸ್ತರರ ತುಟಿ ಬಿಳಿಚಿ, ಕಣ್ಣು ಒಳಗೆ ಹೋದವು. ಮುಂಬಯಿ ಮುಟ್ಟುವುದು ಮರುದಿನ ಬೆಳಿಗ್ಗೆ. ಆ ವಯಸ್ಸಿನ ದೇಹ ಅಲ್ಲಿಯವರೆಗೆ ತಾಳುತ್ತದೆಯೇ ಎಂದು ನನಗೆ ಭಯವಾಯಿತು. ನಾವೆಲ್ಲ ಸರದಿಯಂತೆ ಅವರ ಸುತ್ತ ಕುಳಿತು ಗಾಳಿ ಬೀಸಿದೆವು, ಬೇಡಿಕೊಂಡೆವು. ಹೊಟ್ಟೆ ಗಟ್ಟಿ ಇದ್ದ ನಾಲ್ಕಾರು ಮಂದಿಗೆ ಅವ್ವಾರು ಸುಮ್ಮನೆ ರೊಟ್ಟಿ, ಚಟ್ನಿ ಬಡಿಸಿದರು.

ಸಂಜೆಯಾಗಲಿಕ್ಕೆ ಇನ್ನೂ ಹೊತ್ತಿದ್ದಾಗ ಕೊಂಕಣದ ಒಂದು ಸಣ್ಣ ಬಂದರಿನ ಮುಂದೆ ಹಡಗು ನಿಂತಿತು. ಅಂಥ ಕಡೆ ಹಡಗು ದಡಕ್ಕೆ ಹೋಗುವುದಿಲ್ಲ. ದಡದಿಂದ ಪಡಾವು ಎಂಬ ದೊಡ್ಡ ದೋಣಿಗಳು ಬಂದು ಹಡಗಿನ ಮಗ್ಗುಲಿನ ಬಾಗಿಲಿಗೆ ಆತುಕೊಳ್ಳುತ್ತವೆ. ಇಳಿಯುವವರು ಅದರೊಳಗೆ ಇಳಿದು, ಹತ್ತುವವರು ಹತ್ತಿದ ಮೇಲೆ ಪಡಾವು ದಡಕ್ಕೆ, ಹಡಗು ತನ್ನ ದಾರಿಗೆ. ನಾನು ಆಗ ಡೆಕ್ಕಿನ ಇನ್ನೊಂದು ತುದಿಯಲ್ಲಿ ವಾಂತಿ ಮಾಡುತ್ತಿದ್ದ ಗುಮಾಸ್ತನೊಬ್ಬನ ತಲೆ ಹಿಡಿದಿದ್ದೆ.

ಅವ್ವಾರು ನನ್ನನ್ನು ಹುಡುಕಿಕೊಂಡು ಬಂದರು. ಅವರ ಮುಖದಲ್ಲಿ ಗಾಬರಿ ಇರಲಿಲ್ಲ. ಗದಗಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಳುವಂತೆ ಹೇಳಿದರು:

"ಮೌಲಾ, ಗಾಡಿ ಒಂದೀಟು ನಿಂದ್ರಸಪಾ. ಇವರು ನೀರು ತರಾಕ ಹೋಗ್ಯಾರ."

ಗುಮಾಸ್ತನ ತಲೆಯನ್ನು ಹಾಗೇ ಬಿಟ್ಟು ಮೆಟ್ಟಿಲಿಳಿದು ಬಾಗಿಲಿಗೆ ಓಡಿದೆ. ಖಲಾಸಿಗಳು ಬಾಗಿಲಿನ ಸರಪಳಿ ಎಳೆಯುತ್ತಿದ್ದರು. ಪಡಾವು ಹಗ್ಗ ಬಿಚ್ಚಿಕೊಂಡು ದೂರ ಸರಿಯುತ್ತಿತ್ತು. ಅದರ ನಡುವೆ ಗಂಟುಗಳ ಮೇಲೆ, ಬಿಳಿ ರುಮಾಲು, ತೊಡೆಯ ಮೇಲೆ ತಂಬಿಗೆ, ದಡದ ಕಡೆ ಮುಖ ಮಾಡಿ ಮಾಸ್ತರರು ಕುಳಿತಿದ್ದರು. ದಡದಲ್ಲಿ ತೆಂಗಿನ ಮರಗಳ ಕೆಳಗೆ ಬಾವಿಯ ಕಟ್ಟೆಯೊಂದು ಕಾಣುತ್ತಿತ್ತು. ಹೋಗುವುದು, ಸೇದುವುದು, ಬರುವುದು ಎಂದು ಲೆಕ್ಕ ಹಾಕಿಯೇ ಇಳಿದಿದ್ದರು. ಗಾಡಿ ನಿಲ್ಲಿಸಲು ಹೇಳಿ ಬಂದಿದ್ದಾರಲ್ಲ, ಇನ್ನೇನು ಭಯ.

ಬಾಗಿಲಲ್ಲಿ ನಿಂತಿದ್ದ ಅಧಿಕಾರಿಯ ಕಾಲಿಗೆ ಬೀಳುವುದೊಂದು ಬಾಕಿ. ಅವನು ಕೆಟ್ಟವನಲ್ಲ. ಅಲೆ ಏರುತ್ತಿದೆ, ಇಲ್ಲಿ ಕಲ್ಲುಬಂಡೆಗಳಿವೆ, ನಿಲ್ಲಲಾಗುವುದಿಲ್ಲ, ನಿಮ್ಮ ಮುದುಕ ನಾಳೆಯ ಹಡಗಿಗೆ ಬರಲಿ ಎಂದ. ನಾಳೆಯ ಹಡಗು! ಮಾತು ಬಾರದ ಊರು, ಕೈಯಲ್ಲಿ ತಂಬಿಗೆ ಬಿಟ್ಟರೆ ಏನಿಲ್ಲ, ಹೊಟ್ಟೆಯಲ್ಲಿ ಅದೂ ಇಲ್ಲ. ಹಿಂತಿರುಗಿ ನೋಡಿದಾಗ ಹಡಗು ಹೋಗಿದ್ದು ಕಂಡರೆ ಆ ಮನುಷ್ಯ ಅಲ್ಲೇ ಎದೆಯೊಡೆದು ಬೀಳುತ್ತಾರೆ ಎನ್ನಿಸಿತು. ನಾನೇ ಹಾರಿಬಿಡಲೇ ಎಂದು ಒಂದು ಕಾಲು ಹೊಸ್ತಿಲ ಮೇಲಿಟ್ಟೆ. ಈಜು ಬಾರದು. ಮೇಲೆ ಅಷ್ಟು ಜನ ಮಲಗಿದ್ದಾರೆ, ಮುಂಬಯಿಯಲ್ಲಿ ಅವರನ್ನು ಇಳಿಸಿಕೊಳ್ಳುವವರು ಯಾರೂ ಇಲ್ಲ. ಉಳಿದವರು ಯಾರ ಕೈಯಾಗ ಎಂಬ ಸಾಹುಕಾರರ ಮಾತು ಕಾಲು ಹಿಡಿದು ಜಗ್ಗಿತು. ಇಳಿಯಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಅಂಥ ಸಂಕಟ ನನ್ನ ಶತ್ರುವಿಗೂ ಬೇಡ.

ಕೂಗಿದೆ. ಸೀಟಿ ಊದಿದೆ. ಅಷ್ಟರಲ್ಲಿ ನಮ್ಮವರೆಲ್ಲ ಮೇಲಿನ ಕಟಕಟೆಗೆ ಬಂದು ತಾವೂ ಕೂಗತೊಡಗಿದರು. ಮಾಸ್ತರ್ರೀ ಎಂದರು ಕೆಲವರು, ಕಾಕಾ ಎಂದರು, ಅಜ್ಜಾರ ಎಂದರು, ತುಕಾರಾಮಸಾ ಗುರುಗಳೇ ಎಂದು ಅರಚಿದ. ಎಲ್ಲ ಕಲೆತು ಸಂತೆಯ ಗದ್ದಲವಾಯಿತೇ ಹೊರತು ಯಾರ ಹೆಸರೂ ಆಗಲಿಲ್ಲ. ಅವರ ಹೆಸರು ನಮಗೆಲ್ಲ ಗೊತ್ತಿತ್ತು, ಆದರೆ ಛಡಿ ತಿಂದ ಬಾಯಲ್ಲಿ ಮಾಸ್ತರರ ಹೆಸರು ಬರಬೇಕಲ್ಲ. ನನ್ನ ಬಾಯಲ್ಲೂ ಬರಲಿಲ್ಲ. ಹಡಗು ಭೋಂ ಎಂದು ಕೂಗಿ ಮೂತಿ ತಿರುಗಿಸಿತು. ಮಾಸ್ತರರ ರುಮಾಲು ಅಲ್ಲಾಡಲಿಲ್ಲ.

ಆಗ ನನ್ನ ಬೆನ್ನ ಹಿಂದಿನಿಂದ ಒಂದು ಧ್ವನಿ ಎದ್ದಿತು.

"ಚನ್ನಬಸಪ್ಪಾ..."

ಅವ್ವಾರು. ಯಾವಾಗ ಕೆಳಗೆ ಇಳಿದು ಬಂದರೋ, ಸರಪಳಿ ಹಿಡಿದು ನಿಂತಿದ್ದರು. ಅಷ್ಟು ಮೆತ್ತಗಿನ ಹೆಂಗಸಿನ ಎದೆಯಲ್ಲಿ ಅಂಥ ಕೂಗು ಇತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಹೊಲದ ಆ ತುದಿಯಲ್ಲಿರುವವನನ್ನು ಈ ತುದಿಯಿಂದ ಕರೆಯುವಂತೆ ಎಳೆದು ಇನ್ನೊಮ್ಮೆ ಕರೆದರು. ಮೇಲಿನ ಗದ್ದಲ ಕತ್ತರಿಸಿದಂತೆ ನಿಂತಿತು. ಹೆಂಡತಿ ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದವರು ನಮ್ಮ ಜನ.

ಮಾಸ್ತರರು ತಿರುಗಿದರು. ಹಡಗು ಹೋಗುತ್ತಿರುವುದನ್ನು ನೋಡಿ ದಿಗ್ಗನೆ ಎದ್ದು ನಿಂತರು. ಪಡಾವು ವಾಲಿತು, ಒಳಗಿದ್ದ ಹೆಂಗಸರು ಚೀರಿದರು, ಹುಟ್ಟು ಹಾಕುತ್ತಿದ್ದವನು ಆಗಲೇ ನಮ್ಮ ಕಡೆ ನೋಡಿದ್ದು. ನಾನು ಎರಡೂ ಕೈ ಬೀಸಿ, ನನಗೆ ಬರುವ ಹಿಂದಿಯನ್ನೆಲ್ಲ ಒಟ್ಟುಗೂಡಿಸಿ ಕೂಗಿದೆ. ಅಧಿಕಾರಿ ಅವ್ವಾರ ಮುಖ ನೋಡಿದ. ಅವನಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಏನೋ ತಿಳಿಯಿತು. ಮೇಲಕ್ಕೆ ಸೀಟಿ ಊದಿದ. ಯಂತ್ರದ ಸದ್ದು ಇಳಿಯಿತು.

ಪಡಾವು ಬಂತು, ಆದರೆ ಕಷ್ಟ ಮುಗಿದಿರಲಿಲ್ಲ. ಅಲೆ ಎತ್ತಿದಾಗ ಅದರ ಅಂಚು ನಮ್ಮ ಹೊಸ್ತಿಲಿಗೆ ಸರಿಯಾಗಿ ಬರುತ್ತಿತ್ತು, ಇಳಿದಾಗ ಬಾವಿಯೊಳಗೆ ಇಳಿದಂತೆ ಕೆಳಗೆ ಹೋಗುತ್ತಿತ್ತು. ನಡುವೆ ಕಾಲು ಸಿಕ್ಕರೆ ಗಾಣಕ್ಕೆ ಕಬ್ಬು ಸಿಕ್ಕಂತೆ. ನಿಲ್ಲಲು ತ್ರಾಣವಿಲ್ಲದ ಮುದುಕ, ಅದರಲ್ಲೂ ತಂಬಿಗೆ ಬಿಡಲೊಲ್ಲರು. ಪಡಾವಿನವನು ಬೈದು ತಂಬಿಗೆ ಕಸಿದುಕೊಂಡ. ಖಲಾಸಿಗಳು ಒಂದು ಅಲೆ ಬಿಟ್ಟರು, ಎರಡನೆಯದನ್ನೂ ಬಿಟ್ಟರು. ಮೂರನೆಯದು ಎತ್ತಿದಾಗ ಹಿಂದಿನಿಂದ ಅವನು ನೂಕಿದ, ಇತ್ತಿಂದ ಇಬ್ಬರು ರಟ್ಟೆ ಹಿಡಿದು ಜಗ್ಗಿದರು. ಮಾಸ್ತರರು ನನ್ನ ಮೇಲೇ ಬಂದು ಬಿದ್ದರು. ಅವರ ಒಂದು ಚಪ್ಪಲಿ ಸಮುದ್ರಕ್ಕೆ ಹೋಯಿತು.

ನೆಲದ ಮೇಲೆ ಬಿದ್ದುಕೊಂಡೇ ನಾನು ಪಡಾವಿನವನಿಗೆ ನಾಲ್ಕು ಮಾತಿನಲ್ಲಿ ಹೇಳಿದೆ, ಈ ಮುದುಕ ಬಂದದ್ದು ದೇವರ ಪೂಜೆಯ ನೀರಿಗಾಗಿ, ಅದಿಲ್ಲದೆ ಕುಡಿಯುವುದಿಲ್ಲ ಎಂದು. ಅವನು ಬೈಗುಳ ನಿಲ್ಲಿಸಿದ. ಹಲಗೆಯ ಕೆಳಗೆ ಇಟ್ಟುಕೊಂಡಿದ್ದ ತನ್ನ ಮಡಿಕೆಯಿಂದ ತಂಬಿಗೆ ತುಂಬಿಸಿ, ಮುಂದಿನ ಅಲೆಗೆ ಮೇಲೆ ಬಂದಾಗ ನನ್ನ ಕೈಗಿತ್ತು, ಬೆಳಿಗ್ಗೆ ಮನೆಯ ಬಾವಿಯಿಂದ ಸೇದಿದ್ದು ಎಂದ. ಅವನ ತಲೆಯ ಮೇಲೆ ನಮ್ಮ ಅಪ್ಪ ಹೊಲಿಯುತ್ತಿದ್ದಂಥದ್ದೇ ನಮಾಜಿನ ಟೊಪ್ಪಿಗೆ ಇತ್ತು. ಬಾವಿಯ ನೀರೇ ಹೌದೇನು ಎಂದು ಮಾಸ್ತರರು ಕೇಳಿದರು, ಹೌದು ಎಂದೆ. ಯಾರ ಬಾವಿ ಎಂದು ಅವರು ಕೇಳಲಿಲ್ಲ.

ಮೇಲೆ ಕರೆತಂದು ಜಮಖಾನೆಯ ಮೇಲೆ ಕೂರಿಸಿದೆವು. ಎಲ್ಲರೂ ಸುತ್ತ ನಿಂತಿದ್ದರು. ಮಾಸ್ತರರು ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ತಮ್ಮನ್ನು ಹೆಸರಿನಿಂದ ಕರೆದವರು ಯಾರು ಎಂದು ಕೇಳಿದರು. ತುಕಾರಾಮಸಾನಂಥ ಬಾಯಾಳಿಯೂ ಸಮುದ್ರದ ಕಡೆ ಮುಖ ತಿರುಗಿಸಿದ.

"ನಾನ ರೀ," ಎಂದರು ಅವ್ವಾರು. ಸೆರಗು ಬಾಯಿಗೆ ಒತ್ತಿಕೊಂಡಿದ್ದರು. "ಹೊಟ್ಟ್ಯಾಗಿಂದ ಬಂದುಬಿಡ್ತು. ತಪ್ಪಾತು."

ಮಾಸ್ತರರು ಅವರ ಕಡೆ ತಿರುಗಿದರು. ಸಿಟ್ಟು ಬಂತೆಂದೇ ನಾನು ತಿಳಿದೆ.

"ನಮ್ಮವ್ವ ಕರದಂಗಾತು ಅಂತ ತಿರಗಿದೆ," ಎಂದರು. "ನೀ ಕರೀಲಿಲ್ಲಂದ್ರ ನಾ ಈಗ ಎಲ್ಲಿರ್ತಿದ್ದೆ? ಅಳಬ್ಯಾಡ."

ನನ್ನ ಜೀವ ಆಗ ಬಂತು. ಈಗ ಪೂಜೆ ಮಾಡಿಕೊಂಡು ನೀರು ಕುಡಿಯಿರಿ ಮಾಸ್ತರ್ರ, ನಿಮ್ಮನ್ನು ನೋಡಲಾಗುವುದಿಲ್ಲ ಎಂದೆ. ತಪ್ಪು ಉತ್ತರ ಹೇಳಿದ ಹುಡುಗನನ್ನು ನೋಡುವಂತೆ ಅವರು ನನ್ನನ್ನು ನೋಡಿದರು.

"ನನ್ನೊಬ್ಬನ್ನ ನೋಡ್ತೀಯಲ್ಲೋ ಮೌಲಾ. ಆಕಿ ಕೊಳ್ಳಾಗೂ ಲಿಂಗ ಐತಿ. ಆಕೀದೂ ಪೂಜಿ ಆಗಿಲ್ಲ. ನಿನ್ನೆ ರಾತ್ರಿಯಿಂದ ಆಕೀನೂ ಹನಿ ನೀರು ಕುಡದಿಲ್ಲ."

ಬೆಳಿಗ್ಗೆಯಿಂದ ಅಷ್ಟು ಮಂದಿ ಮಾಸ್ತರರನ್ನು ಸುತ್ತಿಕೊಂಡು ಗಾಳಿ ಬೀಸಿದ್ದೆವು, ಪಕ್ಕದಲ್ಲಿ ಕುಳಿತವರನ್ನು ಒಂದು ಮಾತು ಕೇಳಿರಲಿಲ್ಲ. ಆ ಬಿಸಿಲಿನಲ್ಲಿ, ಆ ಒಣ ಗಂಟಲಿನಲ್ಲಿ ಅವರು ನಮಗೆ ರೊಟ್ಟಿ ಬಡಿಸಿದ್ದರು. ಅದೇ ಗಂಟಲಿನಿಂದ ಸಮುದ್ರದ ಮೇಲೆ ಅಷ್ಟು ದೂರಕ್ಕೆ ಕೂಗಿದ್ದರು. ನನಗೆ ಅಳು ಬಂತು, ಹೇಳಲು ನಾಚಿಕೆ ಇಲ್ಲ.

ಮಾಸ್ತರರು ತಂಬಿಗೆ ಎತ್ತಿದರು. ನಾನು 'ಹಿಡೀಲೇನ್ರಿ' ಎಂದೆ, ಬೇಡ ಎಂದರು.

"ಕೈ ಒಡ್ಡು ನೀಲವ್ವಾ," ಎಂದರು. "ಮೊದಲ ನಿಂದಾಗಲಿ."

ಅವ್ವಾರ ಹೆಸರು ನೀಲವ್ವ ಎಂದು ನಮಗೆ ಆವತ್ತೇ ಗೊತ್ತಾಯಿತು.